ಕೈಗೆ ಬ್ಯಾಂಡ್, ಫೋನಿನಲ್ಲಿ ಕ್ಯಾಲೊರಿ ಆ್ಯಪ್: ಎರಡನ್ನೂ ಜೊತೆಗೆ ಬಳಸುವವರಿಗೆ

ಮೊದಲೇ ಹೇಳಿಬಿಡುತ್ತೇನೆ. ಫಿಟ್ನೆಸ್ ಬ್ಯಾಂಡ್ ತಗೊಳ್ಳಿ, ಕ್ಯಾಲೊರಿ ಲೆಕ್ಕ ಇಡುವ ಆ್ಯಪನ್ನೂ ಹಾಕಿಕೊಳ್ಳಿ, ಎರಡೂ ಕೆಲಸಕ್ಕೆ ಬರುತ್ತವೆ. ಆದರೆ ವಾಕಿಂಗ್ ಮುಗಿಸಿ ಬಂದ ಕೂಡಲೇ ‘ನೀವು ಇಷ್ಟು ಕರಗಿಸಿದ್ದೀರಿ, ಇವತ್ತು ಇನ್ನಿಷ್ಟು ತಿನ್ನಬಹುದು’ ಅಂತ ಆ್ಯಪ್ ತೋರಿಸುತ್ತದಲ್ಲ, ಆ ಒಂದನ್ನು ಮಾತ್ರ ಬಂದ್ ಮಾಡಿ. ತೂಕ ಇಳಿಸಬೇಕು ಅಂತ ಶುರು ಮಾಡಿದವರು ಬೇಸತ್ತು ಬ್ಯಾಂಡನ್ನು ಡ್ರಾಯರಿಗೆ ಹಾಕುವುದು ಹೆಚ್ಚಾಗಿ ಇಲ್ಲೇ.

ನನ್ನದು ಸಾದಾ ಬ್ಯಾಂಡ್. ಮೂರು ಸಾವಿರದೊಳಗಿನದು, ಜಿಪಿಎಸ್ ಇಲ್ಲ, ಎತ್ತರ ಅಳೆಯುವ ಸೆನ್ಸರ್ ಇಲ್ಲ. ಆ್ಯಪ್ ಕೂಡ ದುಡ್ಡು ಕೊಡದ ಆವೃತ್ತಿ. ಮೈಸೂರಿನಲ್ಲಿದ್ದೇನೆ, ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ನಡಿಗೆ, ವಾರದ ಮಧ್ಯೆ ಜಿಮ್, ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು.

ಈಗ ಲೆಕ್ಕ ನೋಡಿ. 70 ಕೆಜಿ ತೂಕದವರು ಒಂದು ಗಂಟೆ ಚುರುಕಾಗಿ ನಡೆದರೆ ಸುಮಾರು 300 ಕ್ಯಾಲೊರಿ ಖರ್ಚಾಗುತ್ತದೆ. ಬ್ಯಾಂಡ್ ಇದನ್ನೇ ತೋರಿಸಿತು ಅಂದುಕೊಳ್ಳೋಣ. ಆದರೆ ಆ ಗಂಟೆ ಸುಮ್ನೆ ಕುರ್ಚಿಯಲ್ಲಿ ಕೂತಿದ್ದರೂ ದೇಹ ಕೆಜಿಗೆ ಸುಮಾರು 1ರಂತೆ 70 ಕ್ಯಾಲೊರಿ ಖರ್ಚು ಮಾಡುತ್ತಿತ್ತು, ಅದನ್ನು ಆ್ಯಪ್ ನಿಮ್ಮ ದಿನದ ಲೆಕ್ಕದಲ್ಲಿ ಬೆಳಗ್ಗೆಯೇ ಸೇರಿಸಿಟ್ಟಿರುತ್ತದೆ. ಅಂದರೆ ನಡಿಗೆಯಿಂದ ನಿಜವಾಗಿ ಹೆಚ್ಚಾಗಿದ್ದು 230, ಆ್ಯಪ್ ಹೇಳಿತು ಅಂತ 300 ಪೂರ್ತಿ ತಿಂದರೆ ಆ 70 ಎರಡು ಸಲ ಲೆಕ್ಕಕ್ಕೆ ಬಂದ ಹಾಗೆ. ಇನ್ನು ಆ್ಯಪ್ ಹಾಕಿಕೊಳ್ಳುವಾಗ ‘ನೀವು ಎಷ್ಟು ಚಟುವಟಿಕೆಯಿಂದ ಇರುತ್ತೀರಿ’ ಅಂತ ಕೇಳಿದ್ದಕ್ಕೆ, ದಿನಾ ವಾಕಿಂಗ್ ಹೋಗುತ್ತೇನೆ ಅಂತ ‘ಜಾಸ್ತಿ’ ಅಂತ ಒತ್ತಿದ್ದರೆ ಅದೇ ನಡಿಗೆ ಇನ್ನೊಮ್ಮೆ ಲೆಕ್ಕಕ್ಕೆ ಬರಬಹುದು, ಅದರ ಮೇಲೆ ‘ವಾಕಿಂಗ್ 60 ನಿಮಿಷ’ ಅಂತ ಕೈಯಿಂದಲೂ ಬರೆದರಂತೂ ಮುಗಿಯಿತು.

ಇದೆಲ್ಲ ಬ್ಯಾಂಡ್ ಸರಿಯಾಗಿ ಅಳೆಯುತ್ತದೆ ಅಂತ ಇಟ್ಟುಕೊಂಡರೆ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಕೈಗೆ ಕಟ್ಟುವ 7 ಸಾಧನಗಳನ್ನು 60 ಜನರ ಮೇಲೆ ಪರೀಕ್ಷೆ ಮಾಡಿದ್ದರು. ಎದೆಬಡಿತದಲ್ಲಿ 7ರಲ್ಲಿ 6 ಸಾಧನಗಳ ತಪ್ಪು ಶೇ 5ರೊಳಗೇ ಇತ್ತು. ಕ್ಯಾಲೊರಿಯಲ್ಲಿ ಮಾತ್ರ ಎಲ್ಲಕ್ಕಿಂತ ಚೆನ್ನಾಗಿದ್ದ ಸಾಧನವೂ ಸರಾಸರಿ ಶೇ 27ರಷ್ಟು ತಪ್ಪು ಹೇಳಿತ್ತು. ಆಮೇಲೆ ಸಾಧನಗಳು ಸುಧಾರಿಸಿವೆ, ನಿಜ. ಆದರೆ ಮೂಲ ವಿಷಯ ಬದಲಾಗಿಲ್ಲ. ಬ್ಯಾಂಡ್ ಹಸಿರು ಬೆಳಕು ಹಾಯಿಸಿ ಚರ್ಮದ ಕೆಳಗಿನ ರಕ್ತದ ಓಟ ನೋಡುತ್ತದೆ, ಅದರಿಂದ ಬಡಿತ ಸಿಗುತ್ತದೆ. ಕ್ಯಾಲೊರಿಯನ್ನು ಅದು ಅಳೆಯುವುದೇ ಇಲ್ಲ, ಬಡಿತ, ಕೈಯ ಅಲುಗಾಟ, ನೀವು ಹಾಕಿದ ವಯಸ್ಸು, ತೂಕ, ಎತ್ತರ ಎಲ್ಲ ಸೇರಿಸಿ ಅಂದಾಜು ಮಾಡುತ್ತದೆ.

ಬೆಟ್ಟದ ಮೆಟ್ಟಿಲಲ್ಲಿ ಇದು ಎದ್ದು ಕಾಣುತ್ತದೆ. ಹತ್ತುವಾಗಲೂ ಇಳಿಯುವಾಗಲೂ ಮೆಟ್ಟಿಲು ಅಷ್ಟೇ, ಆದರೆ ಹತ್ತುವಾಗ ಏದುಸಿರು, ಇಳಿಯುವಾಗ ಆರಾಮ. ಎದೆಬಡಿತ ನೋಡಿದರೆ ವ್ಯತ್ಯಾಸ ಸ್ಪಷ್ಟ. ಹೆಜ್ಜೆ ಲೆಕ್ಕ ಮಾತ್ರ ನೋಡಿದರೆ ಎರಡೂ ಒಂದೇ! ಕಂಬಿ ಹಿಡಿದು ಹತ್ತಿದರೆ ಕೈ ಅಲುಗಾಡುವುದಿಲ್ಲ, ಎಷ್ಟೋ ಹೆಜ್ಜೆ ಬಿಟ್ಟೇ ಹೋಗುತ್ತವೆ. ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಮೇಲೆ ಹೋಗುತ್ತಾರೆ, ಬಗ್ಗಿ ಏಳುವ ಆ ದುಡಿಮೆ ಯಾವ ಹೆಜ್ಜೆ ಲೆಕ್ಕಕ್ಕೂ ಸಿಗುವುದಿಲ್ಲ. ಅದೇ ಮನೆಯಲ್ಲಿ ಚಪಾತಿ ಹಿಟ್ಟು ನಾದಿದರೆ ಒಂದಷ್ಟು ಹೆಜ್ಜೆ ಸುಮ್ಮನೆ ಏರಿರುತ್ತವೆ.

ಜಿಮ್ಮಿನಲ್ಲಿ ಇನ್ನೂ ಕಷ್ಟ. ಡಂಬೆಲ್ ಬಿಗಿಯಾಗಿ ಹಿಡಿದು ಮಣಿಕಟ್ಟು ಮಡಚಿದಾಗ ಬೆಳಕಿಗೆ ರಕ್ತದ ಓಟ ಸರಿಯಾಗಿ ಸಿಗುವುದಿಲ್ಲ, ಬಡಿತ ಎಲ್ಲೆಲ್ಲೋ ಹಾರುತ್ತದೆ. ವ್ಯಾಯಾಮ ಮಾಡುವಾಗ ಬ್ಯಾಂಡನ್ನು ಮಣಿಕಟ್ಟಿನ ಮೂಳೆಯಿಂದ ಒಂದೆರಡು ಬೆರಳು ಮೇಲಕ್ಕೆ ಸರಿಸಿ ಸ್ವಲ್ಪ ಬಿಗಿಯಾಗಿ ಕಟ್ಟಿ, ತುಂಬಾ ಸುಧಾರಿಸುತ್ತದೆ. ಭಾರ ಎತ್ತುವ ದಿನ ಸರಿಯಾದ ಬಡಿತವೇ ಬೇಕು ಅನ್ನುವವರಿಗೆ ಎದೆಗೆ ಕಟ್ಟುವ ಪಟ್ಟಿಯೇ ವಾಸಿ.

ಹಾಗಾದರೆ ಬ್ಯಾಂಡ್ ಯಾಕೆ ಬೇಕು? ಎದೆಬಡಿತಕ್ಕೆ, ಮತ್ತೆ ನಿನ್ನೆಗಿಂತ ಇವತ್ತು ಹೇಗಿದ್ದೇನೆ ಅಂತ ನೋಡುವುದಕ್ಕೆ. ಅದೇ ಕೆರೆ, ಅದೇ ವೇಗ, ಬಡಿತ ಮೊದಲಿಗಿಂತ ಕಡಿಮೆ ಅಂದರೆ ದೇಹ ಗಟ್ಟಿಯಾಗುತ್ತಿದೆ. ಇದು ನನಗೆ ತೂಕಕ್ಕಿಂತ ದೊಡ್ಡ ಖುಷಿ.

ಆ ‘ಇನ್ನಿಷ್ಟು ತಿನ್ನಬಹುದು’ ಅನ್ನುವುದನ್ನು ಬಂದ್ ಮಾಡುವುದು ಹೇಗೆ? ಕೆಲವು ಆ್ಯಪ್‌ಗಳಲ್ಲಿ ಇದಕ್ಕೆ ಸೆಟ್ಟಿಂಗ್ ಇರುತ್ತದೆ. ಸಿಗದಿದ್ದರೆ ಆ್ಯಪ್‌ಗಳ ನಡುವೆ ಆರೋಗ್ಯದ ಮಾಹಿತಿ ಹಂಚುವ ಜಾಗ, ಅಂದರೆ ಆಂಡ್ರಾಯ್ಡ್ ಫೋನಿನಲ್ಲಿ ಹೆಲ್ತ್ ಕನೆಕ್ಟ್, ಐಫೋನಿನಲ್ಲಿ ಹೆಲ್ತ್ ಆ್ಯಪ್ ತೆರೆದು, ಕ್ಯಾಲೊರಿ ಆ್ಯಪಿಗೆ ಕೊಟ್ಟಿರುವ ಹೆಜ್ಜೆ ಮತ್ತು ವ್ಯಾಯಾಮದ ಅನುಮತಿ ತೆಗೆದುಬಿಡಿ. ಎರಡು, ಮೂರು ವಾರ ಊಟ ಸರಿಯಾಗಿ ಬರೆದು, ತೂಕದ ವಾರದ ಸರಾಸರಿ ನೋಡಿ ದಿನದ ಲೆಕ್ಕವನ್ನು ನೀವೇ ಸ್ವಲ್ಪ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಆದರೆ ದೂರ ಓಡುವವರು ಹೀಗೆ ಮಾಡಬಾರದು. ಓಟಕ್ಕೆ ಕಿಲೋಮೀಟರಿಗೆ, ಕೆಜಿಗೆ ಸುಮಾರು 1 ಕ್ಯಾಲೊರಿ ಬೇಕು, 70 ಕೆಜಿಯವರು 10 ಕಿಲೋಮೀಟರ್ ಓಡಿದರೆ 700. ಅದನ್ನು ತಿನ್ನದೇ ಇದ್ದರೆ ಮೈ ಸೋಲುತ್ತದೆ. ಇನ್ಸುಲಿನ್ ತಗೊಳ್ಳುವವರು ಡಾಕ್ಟರನ್ನು ಕೇಳದೆ ಯಾವ ಆ್ಯಪ್ ಹೇಳಿದ್ದನ್ನೂ ಕೇಳಬೇಡಿ. ಊಟದ ವಿಷಯದಲ್ಲಿ ಮೊದಲೇ ಹೆದರಿಕೆ, ಅಪರಾಧಿ ಭಾವ ಇರುವವರಿಗೆ ಈ ಲೆಕ್ಕವೇ ಬೇಡ, ನಡಿಗೆ ಸಾಕು.

ಇನ್ನು ಆ್ಯಪಿನ ಕಡೆ. ನಮ್ಮ ಊಟಕ್ಕೆ ಬಾರ್‌ಕೋಡ್ ಇಲ್ಲ, ಅಲ್ವಾ? ‘ರಾಗಿ ಮುದ್ದೆ’ ಅಂತ ಹುಡುಕಿದರೆ ಒಂದು ಮುದ್ದೆಗೆ ಒಬ್ಬರು ಒಂದು ಲೆಕ್ಕ ಹಾಕಿರುತ್ತಾರೆ, ಇನ್ನೊಬ್ಬರು ಅದರ ಎರಡರಷ್ಟು. ಯಾರ ಮನೆಯ ಮುದ್ದೆ ಎಷ್ಟು ದಪ್ಪ ಅಂತ ಆ್ಯಪಿಗೆ ಹೇಗೆ ಗೊತ್ತಾಗಬೇಕು? ಇದಕ್ಕೆ ಸುಲಭದ ದಾರಿ, ಮುದ್ದೆಯನ್ನು ತೂಗಬೇಡಿ, ಹಿಟ್ಟನ್ನು ತೂಗಿ. 100 ಗ್ರಾಂ ರಾಗಿ ಹಿಟ್ಟಿಗೆ ಸುಮಾರು 320 ಕ್ಯಾಲೊರಿ, ನೀರಿಗೆ ಸೊನ್ನೆ. 400 ಗ್ರಾಂ ಹಿಟ್ಟಿಗೆ ಐದು ಮುದ್ದೆ ಕಟ್ಟಿದರೆ ಒಂದಕ್ಕೆ 256. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2017ರಲ್ಲಿ 528 ಭಾರತೀಯ ಆಹಾರಗಳ ಪಟ್ಟಿ ತಂದಿದೆ, ಅದರಲ್ಲಿ ನಮ್ಮ ಕಾಳು, ಸೊಪ್ಪು, ಧಾನ್ಯ ಎಲ್ಲ ಇವೆ. ಯಾರೋ ತುಂಬಿಸಿದ ಲೆಕ್ಕಕ್ಕಿಂತ ಅದನ್ನು ನಂಬಿ.

ಮರೆತುಹೋಗುವುದು ಎಣ್ಣೆ ಮತ್ತು ತೆಂಗಿನಕಾಯಿ. ಒಗ್ಗರಣೆಗೆ ಒಂದು ದೊಡ್ಡ ಚಮಚ ಎಣ್ಣೆ ಅಂದರೆ 120 ಕ್ಯಾಲೊರಿ, ಮೇಲೆ ಹೇಳಿದ ನಡಿಗೆಯ 230ರಲ್ಲಿ ಅರ್ಧ ಅಲ್ಲೇ ಹೋಯಿತು. ಹೋಟೆಲಿನ ಮಸಾಲೆ ದೋಸೆಗೆ ಕಾವಲಿಯ ಮೇಲೆ ಎಷ್ಟು ಸುರಿದರೋ ಯಾರಿಗೂ ಗೊತ್ತಿಲ್ಲ, ಆ್ಯಪಿನಲ್ಲಿ ಸಿಗುವ ದೊಡ್ಡ ಸಂಖ್ಯೆಯನ್ನೇ ಹಾಕಿ, ಖುಷಿಯಾಗಿ ತಿನ್ನಿ.

ಖರ್ಚಿನ ವಿಷಯ. ಆ್ಯಪಿಗೆ ವರ್ಷದ ಚಂದಾ ಕಟ್ಟುವ ಅಗತ್ಯ ನನಗೆ ಕಂಡಿಲ್ಲ. ದುಬಾರಿ ವಾಚ್ ಕೂಡ ಕ್ಯಾಲೊರಿಯನ್ನು ಅಂದಾಜೇ ಮಾಡುವುದು, ಜಿಪಿಎಸ್ ಬೇಕಿದ್ದರೆ ಮಾತ್ರ ಆ ಕಡೆ ಹೋಗಿ. ಉಳಿದ ದುಡ್ಡಲ್ಲಿ ಅಡುಗೆಮನೆಗೆ ಗ್ರಾಂ ತೋರಿಸುವ ಒಂದು ಪುಟ್ಟ ಡಿಜಿಟಲ್ ತಕ್ಕಡಿ ತಗೊಳ್ಳಿ, ಪ್ಲೇಟ್ ಇಟ್ಟು ಸೊನ್ನೆಗೆ ತರುವ ಬಟನ್ ಇದೆಯಾ ಅಂತ ಅಂಗಡಿಯಲ್ಲೇ ನೋಡಿ.