ಹಳೆಯ ಹಾಯಿದೋಣಿಗೆ ತರಿಸಿದ ಎಪಾಕ್ಸಿ ಕಿಟ್: ಮುನಿರಾಬಾದಿನ ಬಿಸಿಲಿನಲ್ಲಿ ಕಂಡದ್ದು

ಮರದ ಹಳೆಯ ಹಾಯಿದೋಣಿಯೊಂದನ್ನು ಬಿಡುವಿನ ವೇಳೆಯಲ್ಲಿ ದುರಸ್ತಿ ಮಾಡಲೆಂದು ನಾನು ಆನ್‌ಲೈನಿನಲ್ಲಿ ತರಿಸಿಕೊಂಡ ಎಪಾಕ್ಸಿ ಕಿಟ್ಟಿನ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಎಪಾಕ್ಸಿ ಎಂದರೆ ರೆಸಿನ್ ಎಂಬ ದ್ರವಕ್ಕೆ ಹಾರ್ಡನರ್ ಎಂಬ ಇನ್ನೊಂದು ದ್ರವವನ್ನು ಕಲಸಿದಾಗ ಗಟ್ಟಿಯಾಗುವ ಅಂಟು. ಕಿಟ್ಟಿನಲ್ಲಿ 4 ಲೀಟರ್ ರೆಸಿನ್, 2 ಲೀಟರ್ ಹಾರ್ಡನರ್, ಅಳತೆಗೆಂದು ಎರಡು ಪಂಪು, ಗಾಜಿನ ನೂಲಿನ ಬಟ್ಟೆಯ ಒಂದು ಸುರುಳಿ, ಒಂದು ಚೀಲ ಮರದ ಹಿಟ್ಟು, ತೆಳುವಾದ ಕೈಗವಸು ಮತ್ತು ಎರಡು ಪುಟದ ಸೂಚನಾಪತ್ರ ಇದ್ದವು. ಸಾಗಾಣಿಕೆ ಸೇರಿ ಸುಮಾರು 6,000 ರೂಪಾಯಿ ಆಯಿತು. ಕಂಪನಿಯ ಹೆಸರನ್ನು ಬರೆಯುತ್ತಿಲ್ಲ. ಈ ಬಗೆಯ ಯಾವ ಕಿಟ್ ಕೊಂಡರೂ ನಮ್ಮ ಕಡೆಯ ಬಿಸಿಲಿನಲ್ಲಿ ಕೇಳಬೇಕಾದ ಪ್ರಶ್ನೆಗಳು ಒಂದೇ ಆಗಿರುವುದರಿಂದ ಹೆಸರಿಗಿಂತ ಅನುಭವವೇ ಓದುಗರಿಗೆ ಉಪಯೋಗಕ್ಕೆ ಬಂದೀತು.

ದೋಣಿ ಎಂಟರ್‌ಪ್ರೈಸ್ ಎಂಬ ಮಾದರಿಯದು. ಇಂಗ್ಲೆಂಡಿನ ಜಾಕ್ ಹೋಲ್ಟ್ 1956ರಲ್ಲಿ ವಿನ್ಯಾಸಗೊಳಿಸಿದ, ನಾಲ್ಕು ಮೀಟರಿಗಿಂತ ತುಸು ಉದ್ದವಿರುವ, ಇಬ್ಬರು ನಡೆಸುವ ಈ ದೋಣಿಯನ್ನು ಅದರ ನೀಲಿ ಹಾಯಿಯಿಂದ ದೂರದಿಂದಲೇ ಗುರುತಿಸಬಹುದು. ಮನೆಯಲ್ಲೇ ಪ್ಲೈವುಡ್ ಕತ್ತರಿಸಿ ಜೋಡಿಸಿಕೊಳ್ಳಲು ಆಗುವಂತೆ ರೂಪಿಸಿದ ದೋಣಿ ಇದಾದ್ದರಿಂದ, ಬಡಗಿಯಲ್ಲದ ನನ್ನಂಥವನಿಗೂ ದುರಸ್ತಿ ಸಾಧ್ಯವೆಂದು ನಂಬಿದೆ. ಹುಸೇನ್ ಸಾಗರದಲ್ಲಿ ಹಾಯಿದೋಣಿ ನಡೆಸುವ ರೂಢಿಯಿರುವ ಹೈದರಾಬಾದಿನಿಂದ, ಬಹುಕಾಲ ಶೆಡ್ಡಿನಲ್ಲಿ ಕವುಚಿಟ್ಟಿದ್ದ ಇದನ್ನು ಲಾರಿಯೊಂದರಲ್ಲಿ ಹಾಕಿಸಿಕೊಂಡು ಮುನಿರಾಬಾದಿನ ನಮ್ಮ ಮನೆಯ ಹಿಂದಿನ ತಗಡಿನ ಚಪ್ಪರಕ್ಕೆ ತಂದೆ. ಕೊಪ್ಪಳದ ಕಾಲೇಜಿನಲ್ಲಿ ಪಾಠ ಮುಗಿಸಿ ಬಂದ ಮೇಲಿನ ಒಂದೆರಡು ತಾಸು ಮತ್ತು ಭಾನುವಾರಗಳು ಮಾತ್ರ ಈ ಕೆಲಸಕ್ಕೆ ದೊರೆಯುತ್ತಿದ್ದವು.

ಬಣ್ಣ ಕೆರೆಯುವವರೆಗೆ ದೋಣಿ ಗಟ್ಟಿಯಾಗಿಯೇ ಕಂಡಿತ್ತು. ಕೆರೆದ ಮೇಲೆ ಹಿಂಬದಿಯ ಹಲಗೆಯ ಕೆಳ ಅಂಚಿಗೆ ಸ್ಕ್ರೂಡ್ರೈವರ್ ಒತ್ತಿದರೆ ನೆನೆದ ರೊಟ್ಟಿಗೆ ಬೆರಳು ಚುಚ್ಚಿದಂತೆ ಒಳಗಿಳಿಯಿತು. ಯಾರೋ ಹಿಂದೊಮ್ಮೆ ಹಿತ್ತಾಳೆಯ ಸ್ಕ್ರೂ ತೆಗೆದು ಕಬ್ಬಿಣದವನ್ನು ಹಾಕಿದ್ದರು. ಅವು ತುಕ್ಕು ಹಿಡಿದು ಉಬ್ಬಿ, ಸುತ್ತಲಿನ ಮರವನ್ನು ಕಪ್ಪಾಗಿಸಿ ಪುಡಿಮಾಡಿದ್ದವು. ಎಲ್ಲಕ್ಕಿಂತ ಕೆಟ್ಟ ಸ್ಥಿತಿಯಲ್ಲಿದ್ದದ್ದು ನಡುಹಲಗೆಯ ಪೆಟ್ಟಿಗೆ. ಗಾಳಿಗೆ ದೋಣಿ ಅಡ್ಡಡ್ಡ ಜಾರದಂತೆ ತಡೆಯುವ ಹಲಗೆ ತಳದ ಸೀಳಿನ ಮೂಲಕ ನೀರಿಗಿಳಿಯುವುದು ಇದರೊಳಗಿಂದಲೇ. ಪೆಟ್ಟಿಗೆ ತಳಕ್ಕೆ ಕೂಡುವ ಗೆರೆ ದೋಣಿಯಲ್ಲಿ ಅತ್ಯಂತ ಹೆಚ್ಚು ಒತ್ತಡ ಹೊರುವ ಜಾಗ. ಆ ಗೆರೆಯ ಉದ್ದಕ್ಕೂ ಅಂಟು ಬಿಟ್ಟಿತ್ತು.

ಮೊದಲ ಪೆಟ್ಟು ಬಿದ್ದದ್ದು ಎಪಾಕ್ಸಿಯಿಂದಲ್ಲ, ಪ್ಲೈವುಡ್ಡಿನಿಂದ. ನೀರಿನಲ್ಲಿ ಬಳಸುವ ಪ್ಲೈವುಡ್ಡಿಗೆ ಐಎಸ್ 710 ಎಂಬ ಮಾನಕವಿದೆ. ಅದರ ಅಂಟು 72 ತಾಸು ಕುದಿಸಿದರೂ ಬಿಡಬಾರದು. ಅಂಗಡಿಯೊಂದರಿಂದ ಆ ಮುದ್ರೆಯಿದ್ದ ಹಾಳೆಯನ್ನೇ ತಂದು, ಒಂದು ತುಂಡನ್ನು ಹಿತ್ತಲಿನ ಒಲೆಯ ಮೇಲೆ ಕುದಿಯಲು ಇಟ್ಟೆ. ಮಧ್ಯಾಹ್ನದ ಹೊತ್ತಿಗೆ ಪದರಗಳು ಪುಸ್ತಕದ ಹಾಳೆಗಳಂತೆ ಬಿಚ್ಚಿಕೊಂಡವು. ಹಾಳೆಯನ್ನು ಹಿಂದಿರುಗಿಸಿ, ಬೇರೆ ಕಡೆಯಿಂದ ತಂದದ್ದನ್ನು ಮೂರು ದಿನವೂ ಕುದಿಸಿ ನೋಡಿದ ಮೇಲೆಯೇ ಗರಗಸ ಕೈಗೆತ್ತಿಕೊಂಡೆ. ದೋಣಿಗೆ ಪ್ಲೈವುಡ್ ಕೊಳ್ಳುವವರು ಮುದ್ರೆಯನ್ನಷ್ಟೇ ನಂಬಬೇಡಿ.

ಇನ್ನು ಕಿಟ್ಟಿನ ಮಾತು. ಮಿಶ್ರಣ ಮಾಡಿದ ಮೇಲೆ 25 ನಿಮಿಷ ಕೆಲಸಕ್ಕೆ ಸಿಗುತ್ತದೆ ಎಂದು ಸೂಚನಾಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದೆ. ಅದು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಎಂಬುದು ಕೆಳಗಿನ ಸಣ್ಣ ಅಕ್ಷರಗಳಲ್ಲಿದೆ. ಏಪ್ರಿಲ್ ತಿಂಗಳ ಸಂಜೆ ಐದಕ್ಕೆ ನಮ್ಮ ತಗಡಿನ ಚಪ್ಪರದಡಿ 40 ಡಿಗ್ರಿ ಇತ್ತು. ನಡುಹಲಗೆಯ ಪೆಟ್ಟಿಗೆಯ ಗೆರೆಗೆ ಬೇಕಾಗುವಷ್ಟನ್ನು ಒಂದೇ ಪ್ಲಾಸ್ಟಿಕ್ ಲೋಟದಲ್ಲಿ ಕಲಸಿ, ಮರದ ಹಿಟ್ಟು ಬೆರೆಸಿ ಹಚ್ಚತೊಡಗಿದೆ. ಎಂಟು ನಿಮಿಷವೂ ಆಗಿರಲಿಲ್ಲ, ಲೋಟ ಕೈಯಲ್ಲಿ ಹಿಡಿಯಲಾಗದಷ್ಟು ಕಾದು, ಹೊಗೆಯಾಡಿ, ಉಳಿದದ್ದೆಲ್ಲ ಕಲ್ಲಾಯಿತು. ಅರ್ಧ ಗೆರೆ ಹಚ್ಚಿ ಆಗಿತ್ತು. ಇನ್ನರ್ಧಕ್ಕೆ ಅವಸರದಲ್ಲಿ ಮತ್ತೊಂದು ಲೋಟ ಕಲಸಿ, ಅದು ಬಿಗಿಯತೊಡಗಿದ್ದರೂ ಒತ್ತಿ ಒತ್ತಿ ತುಂಬಿದೆ. ಆ ಅವಸರದ ಫಲ ಯಾವಾಗ ತಿಳಿಯಿತೆಂಬುದನ್ನು ಮುಂದೆ ಹೇಳುತ್ತೇನೆ.

ಇದರ ಕಾರಣ ಸರಳವಾದದ್ದು. ರೆಸಿನ್ ಮತ್ತು ಹಾರ್ಡನರ್ ಕೂಡುವಾಗ ತಾವೇ ಶಾಖವನ್ನು ಹೊರಹಾಕುತ್ತವೆ. ಆ ಶಾಖವೇ ಕ್ರಿಯೆಯನ್ನು ಇನ್ನಷ್ಟು ವೇಗಗೊಳಿಸುತ್ತದೆ. ಸುತ್ತಲಿನ ಉಷ್ಣತೆ ಹತ್ತು ಡಿಗ್ರಿ ಏರಿದರೆ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆಳವಾದ ಲೋಟದಲ್ಲಿ ಶಾಖಕ್ಕೆ ಹೊರಹೋಗಲು ದಾರಿಯಿಲ್ಲ. ಕಲಸಿದ ಕೂಡಲೇ ಅಗಲವಾದ ತಟ್ಟೆಗೆ ಸುರಿದು ತೆಳ್ಳಗೆ ಹರಡಿದರೆ ಅದೇ ಮಿಶ್ರಣ ಎಷ್ಟೋ ಹೊತ್ತು ಹೆಚ್ಚು ಬಾಳುತ್ತದೆ. ಈ ಒಂದು ಸಾಲನ್ನು ಸೂಚನಾಪತ್ರದಲ್ಲಿ ಮುದ್ರಿಸಲು ಕಂಪನಿಗೆ ಏನೂ ಖರ್ಚಾಗುತ್ತಿರಲಿಲ್ಲ.

ಬಿಸಿಲು ತಪ್ಪಿಸಲು ಮುಂದಿನ ಭಾನುವಾರ ಬೆಳಗಿನ ಜಾವ ಐದಕ್ಕೆ ಎದ್ದು ತಳದ ಹಲಗೆಗೆ ಎಪಾಕ್ಸಿ ಬಳಿದೆ. ಹೊತ್ತು ಸಾಕಷ್ಟು ಸಿಕ್ಕಿತು, ಮೈ ನುಣುಪಾಗಿ ಹೊಳೆಯಿತು. ಒಂಬತ್ತಕ್ಕೆ ನೋಡಿದರೆ ಮೈತುಂಬ ಸಾಸಿವೆ ಗಾತ್ರದ ಗುಳ್ಳೆಗಳು. ಬಿಸಿಲೇರಿದಂತೆ ಮರದ ರಂಧ್ರಗಳೊಳಗಿನ ಗಾಳಿ ಹಿಗ್ಗಿ, ಇನ್ನೂ ಹಸಿಯಾಗಿದ್ದ ಲೇಪವನ್ನು ತೂರಿಕೊಂಡು ಹೊರಬಂದಿತ್ತು. ಮರಕ್ಕೆ ಮೊದಲ ಲೇಪವನ್ನು ಉಷ್ಣತೆ ಇಳಿಯುವ ಹೊತ್ತಿನಲ್ಲಿ ಬಳಿಯಬೇಕು. ಆಗ ಮರದೊಳಗಿನ ಗಾಳಿ ಕುಗ್ಗಿ ಎಪಾಕ್ಸಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಅಂದರೆ ನಮ್ಮಲ್ಲಿ ಬೆಳಗು ತಂಪಾಗಿದ್ದರೂ ಪ್ರಯೋಜನವಿಲ್ಲ, ಸಂಜೆ ಸರಿಯಾದ ಹೊತ್ತಾದರೂ ಅತಿ ಬಿಸಿ. ಕೊನೆಗೆ ರಾತ್ರಿ ಎಂಟೂವರೆಯ ನಂತರ, ಲೋಟವನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು, ಒಂದು ಸಲಕ್ಕೆ ನೂರು ಗ್ರಾಮಿಗಿಂತ ಹೆಚ್ಚು ಕಲಸದೆ ಕೆಲಸ ಮಾಡುವ ಪದ್ಧತಿಗೆ ಬಂದು ನಿಂತೆ. ಗುಳ್ಳೆಯೆದ್ದ ಮೈಯನ್ನು ಉಪ್ಪುಕಾಗದದಿಂದ ಉಜ್ಜಿ ಮತ್ತೆ ಮರ ಕಾಣಿಸಲು ನಾಲ್ಕು ವಾರ ಹಿಡಿಯಿತು.

ಪಂಪುಗಳನ್ನು ನಾನು ಶಿಫಾರಸು ಮಾಡುವುದಿಲ್ಲ. ನಡುವೆ ಗಾಳಿ ಸೇರಿಕೊಂಡರೆ ಒಂದು ಒತ್ತಿಗೆ ಅರ್ಧ ಪ್ರಮಾಣವಷ್ಟೇ ಬರುತ್ತದೆ, ಅದು ಕಣ್ಣಿಗೆ ಗೊತ್ತಾಗುವುದಿಲ್ಲ. ಹೀಗೆ ಹಾರ್ಡನರ್ ಕಡಿಮೆಯಾದ ಒಂದು ಕಡೆ ಎಪಾಕ್ಸಿ ಹದಿನೈದು ದಿನವಾದರೂ ಬೆಲ್ಲದ ಪಾಕದಂತೆ ಅಂಟಂಟಾಗಿಯೇ ಉಳಿದು, ಎಲ್ಲವನ್ನೂ ಕೆರೆದು ತೆಗೆಯಬೇಕಾಯಿತು. ಅನಂತರ ತಕ್ಕಡಿಯ ಮೊರೆ ಹೋದೆ. ಅಲ್ಲಿಯೂ ಒಂದು ತೊಡಕಿತ್ತು. ಪತ್ರದಲ್ಲಿ ಹೇಳಿದ ಎರಡಕ್ಕೆ ಒಂದು ಎಂಬುದು ಗಾತ್ರದ ಲೆಕ್ಕ. ಹಾರ್ಡನರ್ ರೆಸಿನ್ನಿಗಿಂತ ಹಗುರವಾದ್ದರಿಂದ ತೂಕದಲ್ಲಿ ಅದೇ ಪ್ರಮಾಣ ಹಾಕಿದರೆ ಹಾರ್ಡನರ್ ಹೆಚ್ಚಾಗುತ್ತದೆ. ತೂಕದ ಪ್ರಮಾಣವನ್ನು ಕಂಪನಿಗೆ ಪತ್ರ ಬರೆದು ತರಿಸಿಕೊಳ್ಳಬೇಕಾಯಿತು. ಉತ್ತರ ಸೌಜನ್ಯದಿಂದ, ಸ್ಪಷ್ಟವಾಗಿ ಬಂದಿತೆಂಬುದನ್ನೂ ಹೇಳಬೇಕು.

ಕೈಗವಸು ಮೊದಲ ದಿನವೇ ಹರಿಯಿತು. ಹಸಿ ಎಪಾಕ್ಸಿ ಮತ್ತೆ ಮತ್ತೆ ಚರ್ಮಕ್ಕೆ ತಾಗಿದರೆ ಅಲರ್ಜಿ ಹತ್ತಿಕೊಳ್ಳಬಹುದು. ಒಮ್ಮೆ ಹತ್ತಿದರೆ ಬಿಡುವುದಿಲ್ಲ. ದಪ್ಪನೆಯ ನೈಟ್ರೈಲ್ ಕೈಗವಸನ್ನು ಬೇರೆಯಾಗಿ ಕೊಳ್ಳಿ, ಕೈಗೆ ಥಿನ್ನರ್ ಹಚ್ಚಬೇಡಿ.

ಮಳೆಗಾಲದಲ್ಲಿ ಇನ್ನೊಂದು ಬಗೆಯ ಹಿನ್ನಡೆಯಾಯಿತು. ಗಾಳಿಯಲ್ಲಿ ತೇವವಿದ್ದಾಗ ಗಟ್ಟಿಯಾದ ಎಪಾಕ್ಸಿಯ ಮೇಲೆ ಮೇಣದಂತಹ ಜಿಡ್ಡಿನ ಪದರ ಕೂರುತ್ತದೆ. ಅದನ್ನು ತೊಳೆಯದೆ ಉಜ್ಜಿ ಬಣ್ಣ ಬಳಿದೆ. ಬಣ್ಣ ಉಗುರಿಗೆ ಸಿಕ್ಕಿದಲ್ಲೆಲ್ಲ ಸುಲಿದು ಬಂತು. ಬರಿಯ ನೀರು ಮತ್ತು ಪಾತ್ರೆ ತಿಕ್ಕುವ ಹಸಿರು ನಾರಿನಿಂದ ಮೊದಲು ತಿಕ್ಕಿ ತೊಳೆದು, ಒಣಗಿಸಿ, ಆಮೇಲೆ ಉಜ್ಜಿದರೆ ಸಾಕಿತ್ತು. ಬಣ್ಣವನ್ನು ಬಿಡುವಂತೆಯೂ ಇಲ್ಲ, ಏಕೆಂದರೆ ಮೇಲೆ ಬಣ್ಣವಾಗಲಿ ವಾರ್ನಿಷ್ ಆಗಲಿ ಇಲ್ಲದ ಎಪಾಕ್ಸಿಯನ್ನು ಬಿಸಿಲು ಕ್ರಮೇಣ ತಿಂದುಹಾಕುತ್ತದೆ.

ಇಷ್ಟೆಲ್ಲ ದೂರಿದರೂ, ಸರಿಯಾಗಿ ಕಲಸಿ ಸರಿಯಾದ ಹೊತ್ತಿನಲ್ಲಿ ಬಳಸಿದ ಕಡೆಯೆಲ್ಲ ಈ ಎಪಾಕ್ಸಿಯ ಬಲ ನನ್ನನ್ನು ಬೆರಗುಗೊಳಿಸಿದೆ. ಅಂಟಿಸಿದ ಎರಡು ತುಂಡುಗಳನ್ನು ಸುತ್ತಿಗೆಯಿಂದ ಹೊಡೆದಾಗ ಮರ ಸೀಳಿತೇ ಹೊರತು ಬೆಸುಗೆ ಬಿಡಲಿಲ್ಲ. ಮೂಲೆಗಳನ್ನು ತುಂಬುವ ಕೆಲಸವನ್ನು ನನಗೆ ಸರಿಯಾಗಿ ಕಲಿಸಿದವರು ಕಿನ್ನಾಳದ ಕುಶಲಕರ್ಮಿಯೊಬ್ಬರು. ಎಪಾಕ್ಸಿಯನ್ನು ಅವರು ಅದುವರೆಗೆ ಬಳಸಿರಲಿಲ್ಲ. ಆದರೆ ಸೆಣಬಿನ ಚಿಂದಿಯ ಪುಡಿಗೆ ಹುಣಸೆಬೀಜದ ಅಂಟು ಬೆರೆಸಿ ಮಾಡುವ ‘ಕಿಟ್ಟ’ವನ್ನು ಗೊಂಬೆಗಳ ಸಂದುಗಳಿಗೆ ತುಂಬಿ ನುಣುಪಾಗಿಸುವ ಆ ಕೈಗಳಿಗೆ ಮರದ ಹಿಟ್ಟು ಬೆರೆಸಿದ ಎಪಾಕ್ಸಿ ಹೊಸದೆನಿಸಲಿಲ್ಲ. “ಹಿಟ್ಟು ಇನ್ನಷ್ಟು ಹಾಕ್ರಿ ಸರ್, ಬೆರಳಿಗೆ ಎದ್ದು ನಿಲ್ಲಬೇಕು ಅದು,” ಎಂದರು. ಅವರು ತುಂಬಿಕೊಟ್ಟ ಮೂಲೆ ಇಂದಿಗೂ ಇಡೀ ದೋಣಿಯಲ್ಲಿ ಅತ್ಯುತ್ತಮವಾದದ್ದು. ಆನೆಗೊಂದಿಯಲ್ಲಿ ಹರಿಗೋಲು ಹಾಕುವವರೊಬ್ಬರು ತಮ್ಮ ರೂಢಿಯಂತೆ ತಳಕ್ಕೆ ತಾರು ಬಳಿಯಲು ಹೇಳಿದ್ದರು. ಬಿದಿರಿನ ಹೆಣಿಗೆಗೆ ಸಲ್ಲುವ ಆ ಉಪಾಯ, ಪ್ಲೈವುಡ್ಡಿನೊಳಗೆ ಈಗಾಗಲೇ ಸೇರಿರುವ ತೇವವನ್ನು ಒಳಗೇ ಹಿಡಿದಿಡುತ್ತದೆಂಬ ಕಾರಣಕ್ಕೆ ನಾನು ಒಪ್ಪಲಿಲ್ಲ.

ರೆಸಿನ್ನಿಗೆ ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ. ಕಿಟ್ಟನ್ನು ಹೊಂದಿಸಿದ ರೀತಿಗೆ ಎರಡು. ಇದೇ ಕಂಪನಿಯ ಬಳಿ ನಿಧಾನಗತಿಯ ಹಾರ್ಡನರ್ ಇದೆ ಎಂಬುದು ನಾನು ತಾಪಮಾನದ ಸಮಸ್ಯೆಯನ್ನು ಬರೆದು ಕೇಳಿದ ಮೇಲೆಯೇ ತಿಳಿಯಿತು. ಪಾರ್ಸಲ್ಲಿನ ಮೇಲೆ ಕೊಪ್ಪಳ ಜಿಲ್ಲೆಯ ವಿಳಾಸ ಬರೆದು ಮಾರ್ಚಿನಲ್ಲಿ ಕಳುಹಿಸುವವರು ಒಂದು ಮಾತು ವಿಚಾರಿಸಬಹುದಿತ್ತು. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯವರು ಕೊಳ್ಳುವುದಾದರೆ ನಿಧಾನಗತಿಯ ಹಾರ್ಡನರನ್ನೇ ಕೇಳಿ ಪಡೆಯಿರಿ, ಇಲ್ಲವೇ ಡಿಸೆಂಬರ್, ಜನವರಿಯಲ್ಲಿ ಕೆಲಸ ಇಟ್ಟುಕೊಳ್ಳಿ. ನಿಧಾನಗತಿಯದನ್ನು ತರಿಸಿಕೊಂಡ ಮೇಲೆ ಇಡೀ ತಳಕ್ಕೆ ಗಾಜಿನ ಬಟ್ಟೆ ಹೊದಿಸುವ ಕೆಲಸ ಎರಡು ರಾತ್ರಿಗಳಲ್ಲಿ ಒಂದು ಗುಳ್ಳೆಯೂ ಇಲ್ಲದೆ ಮುಗಿಯಿತು.

ಅನುಮತಿ ಪಡೆದು ತುಂಗಭದ್ರಾ ಜಲಾಶಯದಲ್ಲಿಯೇ ದೋಣಿಯನ್ನು ನೀರಿಗಿಳಿಸಬೇಕೆಂಬ ಆಸೆಯಿತ್ತು. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 19ನೇ ಗೇಟು ಕೊಚ್ಚಿಹೋದಾಗ, ಅಣೆಕಟ್ಟಿನ ನೆರಳಿನಲ್ಲೇ ಬದುಕುವ ನಮ್ಮ ಊರಿನಲ್ಲಿ ಬೇರೆ ಮಾತೇ ಇರಲಿಲ್ಲ. ಆ ವರ್ಷ ನಾನು ಅನುಮತಿಯ ವಿಷಯವನ್ನೇ ಎತ್ತಲಿಲ್ಲ. ಅದರ ಬದಲು ಬಂಧುವೊಬ್ಬರ ಹೊಲದ ಕೃಷಿ ಹೊಂಡದಲ್ಲಿ, ಕಂಬವನ್ನೂ ಹಾಯಿಯನ್ನೂ ಏರಿಸದೆ, ದೋಣಿಯನ್ನು ಒಂದು ಹಗಲು ತೇಲಿಸಿ ನೋಡಿದೆವು. ಹಿಂಬದಿಯ ಹಲಗೆ ಒಣಗಿತ್ತು. ತಳವೆಲ್ಲ ಒಣಗಿತ್ತು. ನಡುಹಲಗೆಯ ಪೆಟ್ಟಿಗೆಯ ಬುಡದಲ್ಲಿ, ಏಪ್ರಿಲ್ಲಿನ ಆ ಸಂಜೆ ಬಿಗಿಯತೊಡಗಿದ್ದ ಎರಡನೆಯ ಲೋಟವನ್ನು ಒತ್ತಿ ತುಂಬಿದ್ದೆನಲ್ಲ, ಸರಿಯಾಗಿ ಅಲ್ಲಿಂದ ಗೇಣುದ್ದ ಸಾಲಾಗಿ ನೀರು ಜಿನುಗುತ್ತಿತ್ತು. ಈಗ ದೋಣಿ ಮತ್ತೆ ಚಪ್ಪರದಡಿ ಕವುಚಿಕೊಂಡಿದೆ. ಆ ಗೇಣುದ್ದವನ್ನು ಉಳಿಯಿಂದ ಕೆತ್ತಿ ತೆಗೆದು ಒಣಗಲು ಬಿಟ್ಟಿದ್ದೇನೆ. ನಿಧಾನಗತಿಯ ಹಾರ್ಡನರ್ ಇನ್ನೂ ಅರ್ಧ ಡಬ್ಬಿ ಉಳಿದಿದೆ.