ಹುತ್ತರಿ ಪಟಾಕಿಗೆ ತಂದ ಸುರಕ್ಷತಾ ಸಾಮಾನು: ಕೆಲಸಕ್ಕೆ ಬಂದದ್ದು, ಅಟ್ಟ ಹತ್ತಿದ್ದು

ನನ್ನ ನಾದಿನಿಯ ಮಗನಿಗೆ ಮನೆಯಲ್ಲೇ ಪಟಾಕಿ ಮಾಡುವ ಹುಚ್ಚು ಹಿಡಿದದ್ದು ಕಳೆದ ಮಳೆಗಾಲದಲ್ಲಿ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುವ ಹುಡುಗ. ಹೊರದೇಶದವರು ಶೆಡ್ಡಿನಲ್ಲಿ ಕೂತು ಬಾಣ ಬಿರುಸು ಮಾಡುವ ವಿಡಿಯೋ ನೋಡಿ, ಕನ್ನಡಕ, ಮುಖದ ಶೀಲ್ಡ್, ಗ್ಲೌಸು, ಇಯರ್ ಮಫ್ (ಹೆಡ್‌ಫೋನಿನ ಹಾಗೆ ಕಿವಿ ಮುಚ್ಚುವುದು), ಬೆಂಕಿ ಆರಿಸುವ ಸಿಲಿಂಡರ್ ಎಂದು ಒಂದು ಪುಟ ಪಟ್ಟಿ ಬರೆದುಕೊಂಡು ಕೊಡಗಿನ ನಾಪೋಕ್ಲಿನ ನಮ್ಮ ಮನೆಗೆ ಬಂದ. "ಅತ್ತೆ, ಇದೆಲ್ಲ ಹಾಕ್ಕೊಂಡ್ರೆ ಏನೂ ಆಗಲ್ಲ" ಎಂದ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಕೂರಿಸಿಕೊಂಡು ಹೇಳಿದೆ. ಪಟಾಕಿ ಮಾಡಲು 2008ರ ಸ್ಫೋಟಕ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕು. ಕ್ಲೋರೇಟ್ ಎಂಬ ರಾಸಾಯನಿಕದ ಜೊತೆ ಗಂಧಕ ಬೆರೆಸುವುದನ್ನು 1992ರಲ್ಲೇ ನಿಷೇಧಿಸಿದ್ದಾರೆ, ಅದೂ ಲೈಸೆನ್ಸ್ ಇರುವ ಕಾರ್ಖಾನೆಯವರಿಗೂ ಸೇರಿಸಿ. ತಿಕ್ಕಾಟಕ್ಕೋ, ಬಟ್ಟೆ ಉಜ್ಜಿ ಹುಟ್ಟುವ ಒಂದು ಕಿಡಿಗೋ ಹತ್ತಿಕೊಳ್ಳುವ ಪುಡಿಯ ಮುಂದೆ ನಿನ್ನ ಕನ್ನಡಕ ಏನು ಮಾಡೀತು? 2024ರ ಜನವರಿಯಲ್ಲಿ ವೇಣೂರಿನ ಹತ್ತಿರ ಪಟಾಕಿ ಮಾಡುವ ಜಾಗದಲ್ಲಿ ಸ್ಫೋಟವಾಗಿ ಮೂವರು ಸತ್ತರು. ಅವರು ಅದೇ ಕೆಲಸ ಮಾಡುತ್ತಿದ್ದವರು. ಹುಡುಗ ಮುಖ ಸಣ್ಣ ಮಾಡಿಕೊಂಡ.

ಆದರೆ ಪಟ್ಟಿ ಚೆನ್ನಾಗಿತ್ತು. ಹುತ್ತರಿ, ಅಂದರೆ ನಮ್ಮ ಕೊಡಗಿನ ಸುಗ್ಗಿ ಹಬ್ಬಕ್ಕೆ, ಭತ್ತದ ಕದಿರು ತೆಗೆಯುವಾಗ ನಾವು ಕೋವಿ ಹೊಡೆಯುತ್ತೇವೆ, ಮನೆಗೆ ಬಂದ ಮೇಲೆ ಅಂಗಳದಲ್ಲಿ ಪಟಾಕಿ. ಯಾರ ಕಣ್ಣಿಗೂ ಕಿವಿಗೂ ಏನೂ ಇರುವುದಿಲ್ಲ. ಹಿಂದಿನ ವರ್ಷ ಭಾವನ ಹುಬ್ಬು ಸುಟ್ಟಿತ್ತು. ನನ್ನ ಬಲಗಿವಿ ಮೂರು ದಿನ ಗುಂಯ್ ಅಂದಿತ್ತು. ಹಾಗಾಗಿ ಒಪ್ಪಂದ ಮಾಡಿಕೊಂಡೆವು: ಮಾಡುವುದು ಬೇಡ, ಅಂಗಡಿಯ ಪಟಾಕಿಯನ್ನೇ ಹೊಡೆಯೋಣ, ಸಾಮಾನು ಮಾತ್ರ ತರೋಣ. ಒಟ್ಟು ₹5,800 ಆಯಿತು. ಸ್ವಲ್ಪ ಆನ್‌ಲೈನ್, ಸ್ವಲ್ಪ ಕುಶಾಲನಗರದ ಹಾರ್ಡ್‌ವೇರ್ ಅಂಗಡಿ, ಉಳಿದದ್ದು ಮೈಸೂರಿನ ಒಂದು ಸೇಫ್ಟಿ ಸಾಮಾನಿನ ಅಂಗಡಿ. ಈ ಕೊನೆಯವರ ಕತೆ ಆಮೇಲೆ ಹೇಳುತ್ತೇನೆ.

ಎಲ್ಲಕ್ಕಿಂತ ಲಾಭ ಕೊಟ್ಟದ್ದು ಎಲ್ಲಕ್ಕಿಂತ ಅಗ್ಗದ್ದು. ಸ್ಪಂಜಿನಂಥ ಹಳದಿ ಇಯರ್ ಪ್ಲಗ್. ಇಪ್ಪತ್ತು ಜೊತೆಗೆ ₹300. ಹನ್ನೆರಡು ಬೋರ್ ಕೋವಿಯ ಸದ್ದು ಹೊಡೆಯುವವನ ಕಿವಿಯ ಹತ್ತಿರ 140 ಡೆಸಿಬೆಲ್ ದಾಟುತ್ತದೆ. ಪಟಾಕಿಗೆ ನಮ್ಮ ದೇಶದಲ್ಲಿರುವ ಮಿತಿಯೇ ನಾಲ್ಕು ಮೀಟರ್ ದೂರದಲ್ಲಿ 125. ನಮ್ಮ ಹಿರಿಯರು ಕಿವಿಗೆ ಹತ್ತಿ ತುರುಕಿಕೊಳ್ಳುತ್ತಾರೆ, ಅದರಿಂದ ಮನಸ್ಸಿಗೆ ಸಮಾಧಾನ, ಕಿವಿಗೆ ಏನೂ ಇಲ್ಲ. ಪ್ಲಗ್ಗಿನ ಡಬ್ಬಿಯ ಮೇಲೆ ಎನ್‌ಆರ್‌ಆರ್ (ಎಷ್ಟು ಡೆಸಿಬೆಲ್ ಸದ್ದು ಇಳಿಸುತ್ತದೆ ಎಂಬ ಅಳತೆ) 29 ಎಂದಿತ್ತು. 29 ಪೂರ್ತಿ ಕಡಿಮೆಯಾಗುತ್ತದೆ ಎಂದುಕೊಳ್ಳಬೇಡಿ. ಅದರಲ್ಲಿ ಏಳು ಕಳೆದು ಅರ್ಧ ಮಾಡಿ, ಅಂದರೆ ಹನ್ನೊಂದು. ಲೆಕ್ಕಕ್ಕೆ ಅಷ್ಟನ್ನೇ ಹಿಡಿಯಬೇಕು. ಅದಕ್ಕೇ ಕೋವಿ ಹಿಡಿಯುವವರು ಪ್ಲಗ್ಗಿನ ಮೇಲೆ ಮಫ್ ಕೂಡ ಹಾಕಬೇಕು.

ಪ್ಲಗ್ ಹಾಕುವುದನ್ನು ಕಲಿಸಬೇಕಾಗುತ್ತದೆ, ಇದನ್ನು ಯಾರೂ ಹೇಳುವುದಿಲ್ಲ. ಬೆರಳಲ್ಲಿ ಉರುಳಿಸಿ ತೆಳ್ಳಗೆ ಮಾಡಬೇಕು. ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗೆ ಬಿಟ್ಟು, ಅದು ಉಬ್ಬುವವರೆಗೆ ಒತ್ತಿ ಹಿಡಿಯಬೇಕು. ನಮ್ಮ ಮನೆಯಲ್ಲಿ ಅರ್ಧ ಜನ ಗೋಡೆಗೆ ಮೊಳೆ ಸಿಕ್ಕಿಸಿದ ಹಾಗೆ ಹೊರಗೆ ಸಿಕ್ಕಿಸಿಕೊಂಡು, "ಇದೇನೂ ಪ್ರಯೋಜನ ಇಲ್ಲ" ಎಂದರು.

ಮಫ್ ಎರಡು ತಂದೆವು, ಒಂದಕ್ಕೆ ₹850. ಸಾಮಾನು ಗಟ್ಟಿ, ಕಿವಿಯ ಮೇಲೆ ಮೆತ್ತಗೆ ಕೂರುತ್ತದೆ. ಆದರೆ ಮಂಡೆತುಣಿ, ಅಂದರೆ ನಮ್ಮ ರುಮಾಲು, ಕಟ್ಟಿದ ತಲೆಗೆ ಅದು ಹತ್ತುವುದಿಲ್ಲ. ಅಲ್ವಾ, ಕುಪ್ಯ (ಉದ್ದ ಕೋಟು), ಚೇಲೆ (ಸೊಂಟದ ಪಟ್ಟಿ), ಮಂಡೆತುಣಿ ಹಾಕಿದವರನ್ನು ನೋಡಿ ಯಾವ ಕಂಪನಿ ಮಫ್ ಮಾಡೀತು? ಭಾವ ಕೊನೆಗೆ ಮಂಡೆತುಣಿ ಬಿಚ್ಚಿ ನನ್ನ ಅತ್ತೆಯ ಕೈಗೆ ಕೊಟ್ಟು ಮಫ್ ಹಾಕಿಕೊಂಡರು. ಅತ್ತೆಗೆ ಇವತ್ತಿಗೂ ಅದರಿಂದ ಸಮಾಧಾನ ಆಗಿಲ್ಲ. ಓದುವ ಕನ್ನಡಕದ ಕಡ್ಡಿ ಇದ್ದರೂ ಮಫ್ ಸರಿಯಾಗಿ ಕೂರುವುದಿಲ್ಲ, ಸಂದಿಯಲ್ಲಿ ಸದ್ದು ನುಗ್ಗುತ್ತದೆ.

ಇನ್ನೊಂದು ತೊಂದರೆ ಯಾರೂ ಯೋಚಿಸಿರಲಿಲ್ಲ. ಗದ್ದೆಯಲ್ಲಿ ಕದಿರು ಕೊಯ್ದಾಗ "ಪೊಲಿ ಪೊಲಿಯೇ ದೇವಾ" ಎಂದು ಎಲ್ಲರೂ ಕೂಗುತ್ತೇವೆ, ಆಗಲೇ ಗುಂಡು ಹಾರಬೇಕು. ಕೂಗು ಎದ್ದಿತು. ಆಚೆ ಗುಡ್ಡದ ಮನೆಯವರ ಗುಂಡೂ ಆಯಿತು. ಭಾವ ಆಕಾಶಕ್ಕೆ ನಳಿಗೆ ಹಿಡಿದುಕೊಂಡು ಸುಮ್ನೆ ನಿಂತಿದ್ದಾರೆ! ಒಳಗೆ ಪ್ಲಗ್, ಮೇಲೆ ಮಫ್, ಏನೂ ಕೇಳಿಸಿಲ್ಲ. ಕೋವಿ ಹಿಡಿದವರನ್ನು ಹಿಂದಿನಿಂದ ಮುಟ್ಟಬಾರದು ಎಂದು ನಾನೇ ಬೆಳಗ್ಗೆ ಪಾಠ ಮಾಡಿದ್ದೆ, ಹಾಗಾಗಿ ಯಾರೂ ಮುಟ್ಟಲೂ ಇಲ್ಲ. ಕೊನೆಗೆ ಹುಡುಗ ದೂರದಿಂದ ಅವರ ಮುಂದೆ ಟಾರ್ಚ್ ಆಡಿಸಿದ. ಈ ವರ್ಷ ಟಾರ್ಚೇ ಸಿಗ್ನಲ್ ಎಂದು ತೀರ್ಮಾನವಾಗಿದೆ. ಮಾತು ಕೇಳಿಸಿ ದೊಡ್ಡ ಸದ್ದು ಮಾತ್ರ ತಡೆಯುವ ಬ್ಯಾಟರಿ ಮಫ್ ಕೂಡ ಸಿಗುತ್ತದೆ, ಬೆಲೆ ಕೇಳಿ ಬಿಟ್ಟೆವು.

ಕನ್ನಡಕ ಆರು, ಒಂದಕ್ಕೆ ₹180. ಇದರಲ್ಲಿ ಮೋಸ ಜಾಸ್ತಿ. ಲೆನ್ಸಿನ ಮೂಲೆಯಲ್ಲೋ ಚೌಕಟ್ಟಿನ ಮೇಲೋ ಸಣ್ಣ ಅಕ್ಷರದಲ್ಲಿ ಯುರೋಪಿನ ಗುಣಮಟ್ಟದ ಇಎನ್ 166 ಅಥವಾ ಅಮೆರಿಕದ ಝಡ್ 87 ಪ್ಲಸ್ ಎಂದು ಕೊರೆದಿರಬೇಕು. ನಮ್ಮ ಭಾರತೀಯ ಗುಣಮಟ್ಟ ಆದರೆ ಐಎಸ್ 5983. ಇಎನ್ ಗುರುತಿನ ಪಕ್ಕ ಎಫ್ ಇದ್ದರೆ ಸಣ್ಣ ಹೊಡೆತ ತಡೆಯುತ್ತದೆ, ಬಿ ಇದ್ದರೆ ಇನ್ನೂ ಜೋರಿನದನ್ನು. ಬಂದ ಆರರಲ್ಲಿ ಎರಡರ ಮೇಲೆ ಏನೂ ಇರಲಿಲ್ಲ. ಒಂದೇ ಡಬ್ಬಿ, ಒಂದೇ ಬೆಲೆ. ನನಗೆ ಕುತೂಹಲ. ಗುರುತು ಇದ್ದದ್ದು ಒಂದು, ಇಲ್ಲದ್ದು ಒಂದು ಅಂಗಳದ ಕಲ್ಲಿನ ಮೇಲೆ ಇಟ್ಟು, ಕೈಯಳತೆ ದೂರದಿಂದ ಸುರುಸುರು ಬತ್ತಿ ಹಿಡಿದೆ. ಅದರ ಕಿಡಿ ಸಾವಿರ ಡಿಗ್ರಿಯ ಆಸುಪಾಸು. ಗುರುತಿನ ಲೆನ್ಸಿನಲ್ಲಿ ಚುಕ್ಕಿ ಚುಕ್ಕಿ ಸುಟ್ಟ ಗುರುತು ಬಿತ್ತು, ಅಷ್ಟೇ. ಇನ್ನೊಂದು ಒಂದು ಕಡೆ ಸುಕ್ಕುಗಟ್ಟಿತು. ಗುರುತಿಲ್ಲದ ಎರಡನ್ನೂ ಬಿಸಾಡಿದೆವು. ದೀಪಾವಳಿ ಬಂದರೆ ಬೆಂಗಳೂರಿನ ಮಿಂಟೋ ಆಸ್ಪತ್ರೆಗೆ ಬರುವ ಕಣ್ಣುಗಳಲ್ಲಿ ಪಟಾಕಿ ಹಚ್ಚದೆ ಸುಮ್ನೆ ನೋಡುತ್ತಾ ನಿಂತವರದ್ದೂ ಇರುತ್ತದೆ, ಹಾಗಾಗಿ ಕನ್ನಡಕ ಮೊದಲು ಹೋಗಬೇಕಾದ್ದು ಮಕ್ಕಳ ಮುಖಕ್ಕೆ.

ಕೊಡಗಿನ ಚಳಿಯಲ್ಲಿ ಕನ್ನಡಕ ಮಂಜುಗಟ್ಟುತ್ತದೆ. ರಾತ್ರಿ ಎಂಟರ ಮೇಲೆ, ಗದ್ದೆಯ ಇಬ್ಬನಿ, ಮೇಲೆ ಬಿಸಿ ಉಸಿರು. ಎರಡು ನಿಮಿಷಕ್ಕೆ ಎಲ್ಲರೂ ಕುರುಡರು. ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಒಳಗೆ ಸವರಿ ಒಣ ಬಟ್ಟೆಯಲ್ಲಿ ಒರೆಸಿದರೆ ಸುಮಾರು ಒಂದು ಗಂಟೆ ನಿಲ್ಲುತ್ತದೆ. ಪಕ್ಕದಲ್ಲಿ ಗಾಳಿ ಹೋಗುವ ಕಿಂಡಿ ಇರುವ ಗಾಗಲ್ಸ್ ಇದಕ್ಕಿಂತ ವಾಸಿ.

ಮುಖದ ಶೀಲ್ಡ್ ₹260. ಚೆನ್ನಾಗಿದೆ, ಒಬ್ಬರೇ ಹಚ್ಚುವುದಾದರೆ ಒಂದು ಸಾಕು. ಕಳೆ ಕೊಚ್ಚುವ ಯಂತ್ರದ ಜೊತೆ ಬರುವ ಜಾಲರಿ ಶೀಲ್ಡ್ ಮನೆಯಲ್ಲಿದೆ, ಅದೇ ಆಗುತ್ತದೆ ಎನ್ನುವವರಿಗೆ ಒಂದು ಮಾತು: ಜಾಲರಿ ಕಡ್ಡಿ ಕಲ್ಲು ತಡೆಯುತ್ತದೆ, ಕಿಡಿ ತೂರಿ ಬರುತ್ತದೆ.

ಗ್ಲೌಸಿನಲ್ಲಿ ದುಡ್ಡು ದಂಡ. ಹುಡುಗ ವಿಡಿಯೋದಲ್ಲಿ ನೋಡಿದ ಕಪ್ಪು ರಬ್ಬರ್ ಲೇಪದ್ದು ಮೂರು ಜೊತೆ, ₹300. ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುವ ಸಾಮಾನು. ಈಗ ಕಾಳುಮೆಣಸು ಬಿಡಿಸುವವರ ಕೈಯಲ್ಲಿವೆ. ವೆಲ್ಡಿಂಗಿನವರ ಚರ್ಮದ ಗ್ಲೌಸು ಎರಡು ಜೊತೆ, ₹560. ಬೆಂಕಿಗೆ ಜಗ್ಗುವುದಿಲ್ಲ ನಿಜ, ಅದನ್ನು ಹಾಕಿಕೊಂಡು ಒಂದು ಊದುಬತ್ತಿ ಹಿಡಿಯಲೂ ಆಗುವುದಿಲ್ಲ. ಅಟ್ಟಕ್ಕೆ ಹಾಕಿದೆವು. ಈ ಜುಲೈಯಲ್ಲಿ ತೆಗೆದು ನೋಡಿದರೆ ಬಿಳಿ ಬೂಷ್ಟು, ಗ್ಲೌಸೋ ಬೆಕ್ಕಿನ ಮರಿಯೋ ಗೊತ್ತಾಗಲಿಲ್ಲ. ಇದಕ್ಕೆ ಬದಲು ನಾಲ್ಕಡಿ ಬಿದಿರು ಕಡ್ಡಿಯ ತುದಿಗೆ ಊದುಬತ್ತಿ ಕಟ್ಟಿದೆವು. ಖರ್ಚಿಲ್ಲ, ಕೈ ಬೆಂಕಿಯ ಹತ್ತಿರವೇ ಹೋಗುವುದಿಲ್ಲ.

ಬಟ್ಟೆಗೆ ನಾವು ಏನೂ ಕೊಳ್ಳಲಿಲ್ಲ. ಆದರೆ ಕುಪ್ಯಗಳ ಒಳಹೊಲಿಗೆಯಿಂದ ಒಂದೊಂದು ನೂಲು ಎಳೆದು ಸುಟ್ಟು ನೋಡಿದೆ. ಹತ್ತಿಯಾದರೆ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ನಮ್ಮ ಮನೆಯ ಐದರಲ್ಲಿ ಮೂರು ಮಣಿಯಾದವು. ಅವನ್ನು ಹಾಕಿದವರಿಗೆ ಪಟಾಕಿ ಹಚ್ಚುವ ಕೆಲಸ ಇಲ್ಲ ಎಂದೆ. ಅದರಲ್ಲಿ ನಮ್ಮ ಮನೆಯವರೂ ಒಬ್ಬರು.

ಈಗ ಮೈಸೂರಿನ ಅಂಗಡಿ. ಬೆಂಕಿ ಆರಿಸುವ ನಾಲ್ಕು ಕೆಜಿಯ ಎಬಿಸಿ ಪುಡಿ ಸಿಲಿಂಡರ್, ₹1,600. ಮನೆಗೆ ತಂದು ನೋಡಿದರೆ ಒತ್ತಡದ ಮುಳ್ಳು ಹಸಿರಿನಲ್ಲಿಲ್ಲ, ಕೆಂಪಿನಲ್ಲಿದೆ. ಫೋನ್ ಮಾಡಿದರೆ "ಚಳಿಗೆ ಹಾಗೆ ತೋರಿಸುತ್ತೆ ಮೇಡಂ" ಎಂದರು. ಬದಲಿಸಿ ಕೊಡಲು ಎರಡು ಸಲ ಓಡಾಡಿಸಿದರು, ಬಸ್ ಚಾರ್ಜು ನಮ್ಮದೇ. ಅಂಗಡಿಯಲ್ಲೇ ಮುಳ್ಳು, ಪಿನ್ನು, ತುಂಬಿದ ತಿಂಗಳು ನೋಡಿಯೇ ದುಡ್ಡು ಕೊಡಿ. ಅದಕ್ಕಿಂತ ದೊಡ್ಡ ವಿಷಯ, ಉರಿಯುವ ಪಟಾಕಿಯನ್ನು ಈ ಪುಡಿ ಆರಿಸುವುದಿಲ್ಲ. ಪಟಾಕಿಗೆ ಬೇಕಾದ ಆಮ್ಲಜನಕ ಅದರ ಮದ್ದಿನೊಳಗೇ ಇದೆ, ಗಾಳಿ ಮುಚ್ಚಿ ಪ್ರಯೋಜನ ಇಲ್ಲ. ನೀರು ಸುರಿದು ತಣಿಸಬೇಕು. ಸಿಲಿಂಡರ್ ಇರುವುದು ಜೀಪಿಗೋ ಮನೆಯ ಮಾಡಿಗೋ ಬೆಂಕಿ ತಾಗಿದರೆ.

ಆ ರಾತ್ರಿ ನಿಜಕ್ಕೂ ಕೆಲಸ ಮಾಡಿದ್ದು ಪಟ್ಟಿಯಲ್ಲೇ ಇರದ ಸಾಮಾನು. ಬೆನ್ನಿಗೆ ಹಾಕಿಕೊಂಡು ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವಲ್ಲ, ಆ 16 ಲೀಟರ್ ಸ್ಪ್ರೇ ಕ್ಯಾನು. ಚೆನ್ನಾಗಿ ತೊಳೆದು ಬರೀ ನೀರು ತುಂಬಿಸಿ ಇಟ್ಟಿದ್ದೆವು. ಒಂದು ರಾಕೆಟ್ಟು ಅಡ್ಡ ಹಾರಿ ಬೇಲಿಯ ತರಗೆಲೆಗೆ ಬಿತ್ತು. ಹುಡುಗ ಓಡಿ ಹೋಗಿ ಅರ್ಧ ನಿಮಿಷದಲ್ಲಿ ಆರಿಸಿದ, ಆಮೇಲೆ ಇನ್ನೂ ಐದು ನಿಮಿಷ ಸುತ್ತ ನೆನೆಸಿದ. ಠುಸ್ ಆದ ಪಟಾಕಿಗಳ ಮೇಲೂ ಅದರದ್ದೇ ನೀರು, ಅದೂ ಇಪ್ಪತ್ತು ನಿಮಿಷ ಬಿಟ್ಟು. ಕಳೆನಾಶಕ ಹೊಡೆದ ಕ್ಯಾನು ಮಾತ್ರ ಬೇಡ.

ಈ ವರ್ಷ ತರಬೇಕಾದ್ದು ಪ್ಲಗ್ ಇನ್ನೊಂದು ಡಬ್ಬಿ, ಕಿಂಡಿ ಇರುವ ಗಾಗಲ್ಸ್ ನಾಲ್ಕು, ಮತ್ತೆ ಮಫ್ ಒಂದು. ಇದ್ದ ಎರಡರಲ್ಲಿ ಒಂದನ್ನು ಕಳೆ ಯಂತ್ರ ಓಡಿಸುವ ಹುಡುಗ ಆಗಸ್ಟಿನಲ್ಲಿ "ಒಂದು ದಿನಕ್ಕೆ ಕೊಡಿ ಅಕ್ಕ" ಎಂದು ಕೇಳಿ ತೆಗೆದುಕೊಂಡು ಹೋದ. ದಿನಾ ಹಾಕಿಕೊಂಡು ಕೆಲಸ ಮಾಡುತ್ತಿದ್ದಾನೆ. ವಾಪಸ್ ಕೇಳಿಲ್ಲ.