ಮನೆಬಾಗಿಲ ಅಲರ್ಜಿ ಪ್ಯಾನೆಲ್: ಗಂಧೆ ಜೊತೆ ಜ್ವರವೂ ಇದ್ದರೆ ದುಡ್ಡು ದಂಡ

ಲ್ಯಾಬ್‌ನವರು ಮನೆಗೇ ಬಂದು ರಕ್ತ ತೆಗೆದು ಮಾಡಿಕೊಡುವ ಅಲರ್ಜಿ ಪ್ಯಾನೆಲ್‌ನ (ಹಲವು ವಸ್ತುಗಳ ಅಲರ್ಜಿಯನ್ನು ಒಟ್ಟಿಗೇ ನೋಡುವ ರಕ್ತಪರೀಕ್ಷೆ) ಸೇವೆಗೆ ಹೆಸರಿಡುವಂತಿಲ್ಲ. ಖಾಲಿ ಹೊಟ್ಟೆ ಬೇಕಿಲ್ಲ, ಸಿಟ್ರಿಜಿನ್‌ನಂಥ ಅಲರ್ಜಿ ಮಾತ್ರೆ ನಿಲ್ಲಿಸಬೇಕಿಲ್ಲ, ರಿಪೋರ್ಟು ಮೊಬೈಲಿಗೇ ಬರುತ್ತದೆ. ಎಡವಟ್ಟಾಗುವುದು ಅದನ್ನು ಓದುವಾಗ.

ಧೂಳುಹುಳ 2.1, ಜಿರಳೆ 0.9, ಕಡಲೆಕಾಯಿ 0.5 ಎಂದು ಬಂದರೆ, 0.35 ದಾಟಿದ್ದಕ್ಕೆಲ್ಲ ‘ಪಾಸಿಟಿವ್’ ಮುದ್ರೆ. ಆ ವಸ್ತುವಿನ ವಿರುದ್ಧ ದೇಹದಲ್ಲಿ ಐಜಿಇ ಎಂಬ ಅಲರ್ಜಿ ಪ್ರತಿಕಾಯ ಇದೆ ಎಂದಷ್ಟೇ ಅದರರ್ಥ. ಗಂಧೆ ಏಳಿಸುತ್ತಿರುವುದು ಅದೇ ಎಂದಲ್ಲ. ಮೊದಲೇ ಸೀನು, ಉಬ್ಬಸ ಇದ್ದವರಿಗೆ ಇಂಥ ಒಂದೆರಡು ಸಾಲು ಹೆಚ್ಚಾಗಿ ಸಿಗುತ್ತದೆ. ಕಾರಣ ಸಿಕ್ಕಿತೆಂದು ಎಲ್ಲರೂ ಸುಮ್ಮನಾಗುತ್ತಾರೆ, ರೋಗಿ ಕಡಲೆಕಾಯಿ ಬಿಟ್ಟದ್ದಷ್ಟೇ ಲಾಭ.

ಷ್ನಿಟ್ಸ್ಲರ್ ಸಿಂಡ್ರೋಮ್ ವರ್ಷಗಟ್ಟಲೆ ತಪ್ಪಿಸಿಕೊಳ್ಳುವುದು ಇಲ್ಲೇ. ಫ್ರಾನ್ಸಿನ ಚರ್ಮವೈದ್ಯೆ ಲಿಲಿಯಾನ್ ಷ್ನಿಟ್ಸ್ಲರ್ 1972ರಲ್ಲಿ ಗುರುತಿಸಿದ ಈ ಕಾಯಿಲೆ ಹೆಚ್ಚಾಗಿ ನಡುವಯಸ್ಸು ದಾಟಿದವರದು. ಇದರ ಗಂಧೆಗೆ ತುರಿಕೆ ಕಡಿಮೆ, ಉರಿ ಇರಬಹುದು. ತುಟಿ, ಕಣ್ಣುರೆಪ್ಪೆ ಊದುವುದು ಅಪರೂಪ. ಜೊತೆಗೆ ಬಿಟ್ಟುಬಿಟ್ಟು ಜ್ವರ, ಮೊಣಕಾಲ ಕೆಳಗಿನ ಮೂಳೆ ನೋವು. ಇಲ್ಲಿ ಕಿತಾಪತಿ ಉರಿಯೂತ ಎಬ್ಬಿಸುವ ಇಂಟರ್‌ಲ್ಯೂಕಿನ್-1 ಎಂಬ ಪ್ರೋಟೀನಿನದು, ಅಲರ್ಜಿಯಲ್ಲಿ ಹೊರಬೀಳುವ ಹಿಸ್ಟಮಿನ್‌ದಲ್ಲ. ಹಾಗಾಗಿ ಆ್ಯಂಟಿಹಿಸ್ಟಮಿನನ್ನು ವೈದ್ಯರು ನಾಲ್ಕು ಪಟ್ಟು ಏರಿಸಿದರೂ ಜಗ್ಗುವುದಿಲ್ಲ. ಪ್ಯಾನೆಲ್‌ನಲ್ಲಿ ನೂರು ವಸ್ತುಗಳಿದ್ದರೂ ಇದು ಕಾಣುವುದಿಲ್ಲ.

ಈ ಲಕ್ಷಣಗಳಿದ್ದರೆ ವೈದ್ಯರ ಹತ್ತಿರ ಕೇಳಬೇಕಾದದ್ದು ಬೇರೆ. ಗಂಧೆ ಎದ್ದಿರುವಾಗಲೇ ಸಿಆರ್‌ಪಿ (ಉರಿಯೂತದ ಅಳತೆ) ಮತ್ತು ಸಿಬಿಸಿ (ರಕ್ತಕಣಗಳ ಎಣಿಕೆ). ಸಿಆರ್‌ಪಿ ಲೀಟರಿಗೆ 30 ಮಿಲಿಗ್ರಾಂ, ಬಿಳಿರಕ್ತಕಣ ಮೈಕ್ರೋಲೀಟರಿಗೆ 10,000 ದಾಟಿದರೆ ಅನುಮಾನ ಬಲಿಯುತ್ತದೆ. ಆಮೇಲೆ ರಕ್ತದ ಪ್ರೋಟೀನುಗಳನ್ನು ಪಟ್ಟಿಪಟ್ಟಿಯಾಗಿ ಬಿಡಿಸಿ ತೋರಿಸುವ ಸೀರಮ್ ಪ್ರೋಟೀನ್ ಎಲೆಕ್ಟ್ರೋಫೊರೆಸಿಸ್. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಐಜಿಎಂ ಎಂಬ ಪ್ರತಿಕಾಯದ ಒಂದೇ ಬಗೆ ಅತಿಯಾಗಿರುತ್ತದೆ. ಇಲ್ಲೊಂದು ಗುಂಡಿಯಿದೆ: ಐಜಿಎಂ ಪಟ್ಟಿ ತೀರಾ ಸಣ್ಣದಿದ್ದರೆ ಅದರಲ್ಲಿ ಕಾಣದೆ ‘ನಾರ್ಮಲ್’ ಎಂದು ಬರುತ್ತದೆ. ಸಣ್ಣ ಪಟ್ಟಿಯನ್ನೂ ಹಿಡಿಯುವ ಇಮ್ಯುನೊಫಿಕ್ಸೇಶನ್ ಪರೀಕ್ಷೆಯನ್ನು ಜೊತೆಗೇ ಬರೆಸಿಕೊಳ್ಳಿ. ಚರ್ಮದ ಬಯಾಪ್ಸಿಯನ್ನು ಹೊಸ ಗಂಧೆಯಿಂದಲೇ ತೆಗೆಸಬೇಕು, ನೋಡಬೇಕಾದದ್ದು ನ್ಯೂಟ್ರೊಫಿಲ್ ಎಂಬ ಬಿಳಿರಕ್ತಕಣ. ಒಂದು ಗಂಧೆಯ ಸುತ್ತ ಪೆನ್ನಿನಲ್ಲಿ ಗೆರೆ ಎಳೆದು, ಗಂಟೆ ಬರೆದು ಫೋಟೊ ತೆಗೆದಿಡಿ. 24 ಗಂಟೆ ಮೀರಿ ಅಲ್ಲೇ ಕೂತು ಕಲೆ ಬಿಟ್ಟರೆ ಅರ್ಟಿಕೇರಿಯಲ್ ವ್ಯಾಸ್ಕುಲೈಟಿಸನ್ನೂ (ಚರ್ಮದ ರಕ್ತನಾಳಗಳ ಉರಿಯೂತ) ನೋಡಬೇಕಾಗುತ್ತದೆ.

ಪತ್ತೆಯಾದರೆ ಇಂಟರ್‌ಲ್ಯೂಕಿನ್-1ನ್ನು ತಡೆಯುವ ಅನಾಕಿನ್ರಾ ಇಂಜೆಕ್ಷನ್ ದಿನಕ್ಕೆ 100 ಮಿಲಿಗ್ರಾಂ. ಹೆಚ್ಚಿನವರಿಗೆ ಒಂದೆರಡು ದಿನದೊಳಗೇ ಗಂಧೆ, ಜ್ವರ ಇಳಿಯುತ್ತವೆ. ನಿಲ್ಲಿಸಿದರೆ ಅಷ್ಟೇ ಬೇಗ ಮರಳುತ್ತವೆ. ಐಜಿಎಂ ಮಾತ್ರ ಉಳಿಯುವುದರಿಂದ, ಮುಂದೆ ರಕ್ತದ ಕ್ಯಾನ್ಸರಿಗೆ ತಿರುಗುತ್ತದೆಯೇ ಎಂದು ಹೆಮಟಾಲಜಿಸ್ಟರ (ರಕ್ತರೋಗ ತಜ್ಞರ) ಕಣ್ಣು ಅದರ ಮೇಲಿರಬೇಕು.

ಬರೀ ಸೀನು, ಉಬ್ಬಸಕ್ಕಾದರೆ ಪ್ಯಾನೆಲ್‌ಗೆ ಐದಕ್ಕೆ ಮೂರು ಅಂಕ. ಗಂಧೆ, ಜ್ವರ ಎರಡೂ ಇದ್ದರೆ ಸೊನ್ನೆ. ಈ ಪರೀಕ್ಷೆಗಳಿಗೆ ರಕ್ತ ಕೊಡುವುದು ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಶುರುವಾಗುವ ಮೊದಲೇ ಆಗಲಿ, ಮಾತ್ರೆ ಬಿದ್ದಮೇಲೆ ಸಿಆರ್‌ಪಿ ಇಳಿದುಬಿಡಬಹುದು.